ಏರುವ ಬಗೆ

ವಿಮಾನಯಾನವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಎರಡು ಗಳಿಗೆಗಳನ್ನು ವರ್ಣಿಸುತ್ತಾರೆ. ಒಂದು, ನೆಲವನ್ನು ಬಿಟ್ಟೇಳುವ ಗಳಿಗೆ. ಮತ್ತೊಂದು, ನೆಲವನ್ನು ಮರಳಿ ಮುಟ್ಟುವ ಗಳಿಗೆ. ಇವೆರಡರ ನಡುವೆ ಗಂಟೆಗಟ್ಟಲೆ ಸಾಗುವ ಸಮತಲದ ಪಯಣವೂ ಕೆಲಮಟ್ಟಿಗೆ ವರ್ಣನೆಗೆ ಪಾತ್ರವಾಗುವುದುಂಟು. ಆದರೆ ನೆಲ ಬಿಟ್ಟಂದಿನಿಂದ ಪಯಣದ ಎತ್ತರವನ್ನು ಸೇರುವವರೆಗಿನ ಇಪ್ಪತ್ತೈದು ಮೂವತ್ತು ನಿಮಿಷಗಳ ಏರುಗತಿಯನ್ನು ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಪ್ರಯಾಣಿಕನು ಆ ಹೊತ್ತಿನಲ್ಲಿ ಕಿವಿ ಮುಚ್ಚಿದಂತಾಯಿತೆಂದು ಉಗುಳು ನುಂಗುತ್ತಿರುತ್ತಾನೆ, ಇಲ್ಲವೆ ಕಾಫಿ ಯಾವಾಗ ಬರುವುದೆಂದು ಹಾದಿ ನೋಡುತ್ತಿರುತ್ತಾನೆ. ಆದರೂ ವಿಮಾನವಿದ್ಯೆಯ ಬಹುಪಾಲು ತತ್ತ್ವಗಳು ಒಟ್ಟಾಗಿ ಕೂಡಿ ಕೆಲಸಮಾಡುವುದು ಈ ಅರ್ಧ ಗಂಟೆಯಲ್ಲಿಯೇ. ಭಾರ, ವೇಗ, ಒತ್ತಡ, ಉಷ್ಣತೆ, ಇಂಧನ ಇವೆಲ್ಲ ನಿಮಿಷ ನಿಮಿಷಕ್ಕೂ ಬದಲಾಗುತ್ತ, ಒಂದನ್ನೊಂದು ತಡೆಯುತ್ತ, ಒಂದಕ್ಕೊಂದು ಎಡೆಗೊಡುತ್ತ ನಡೆಯುವ ಹೊತ್ತು ಅದು.

ಉತ್ತರ ಕರ್ನಾಟಕದ ಒಂದು ತಾಲೂಕು ಸ್ಥಳದಲ್ಲಿ ಈ ಅರ್ಧ ಗಂಟೆಯನ್ನೇ ನಿವೃತ್ತ ಜೀವನದ ವ್ಯಾಸಂಗವಾಗಿ ಮಾಡಿಕೊಂಡಿರುವ ಮಾಸ್ತರರೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರವನ್ನು ಬೋಧಿಸಿದವರು. ಪಾದರಸ ತುಂಬಿದ ಗಾಜಿನ ನಳಿಗೆಯನ್ನು ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಗಾಳಿಗೂ ತೂಕವುಂಟೆಂದು ಹಳ್ಳಿಯ ಮಕ್ಕಳಿಗೆ ಮನಗಾಣಿಸುವುದರಲ್ಲಿ ಹೆಸರಾದವರು. ಆದರೆ ಇಂದಿನವರೆಗೂ ಅವರು ನಿಜವಾದ ವಿಮಾನವನ್ನು ಹತ್ತಿದವರಲ್ಲ. ಅವರು ಹಾರುವುದು ಪಡಸಾಲೆಯ ಮೂಲೆಯಲ್ಲಿ, ಕಂಪ್ಯೂಟರಿನ ಪರದೆಯ ಮುಂದೆ, ಸಿಮ್ಯುಲೇಟರ್ ಎಂದು ಕರೆಯಲ್ಪಡುವ ಹಾರಾಟದ ಅನುಕರಣೆಯಲ್ಲಿ. ಅಲ್ಲಿಯೂ ಅವರು ಯಾವ ಊರನ್ನೂ ಮುಟ್ಟುವುದಿಲ್ಲ. ಬೆಂಗಳೂರಿನಿಂದ ಮೇಲೆದ್ದು, ಪಯಣದ ಎತ್ತರವನ್ನು ಸೇರಿ, ವಿಮಾನವು ಸಮತಲಕ್ಕೆ ಬಂದೊಡನೆ ಯಂತ್ರವನ್ನು ನಿಲ್ಲಿಸಿ ಎದ್ದುಬಿಡುತ್ತಾರೆ.

ಇದು ವಿಚಿತ್ರವೆನಿಸಬಹುದು. ಇದಕ್ಕೆ ಕಾರಣವುಂಟು. ಮಾಸ್ತರರ ಒಬ್ಬಳೇ ಮಗಳು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಂಸಾರ ಹೂಡಿದ್ದಾಳೆ. 2021ರ ಜನವರಿ 9ರಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಉತ್ತರ ಧ್ರುವದ ಮೇಲಿನಿಂದ ಹಾಯ್ದು ಜನವರಿ 11ರ ಬೆಳಗಿನ ಜಾವದಲ್ಲಿ ಬೆಂಗಳೂರಿನಲ್ಲಿ ಇಳಿದಾಗ, ಸುಮಾರು 14,000 ಕಿಲೋಮೀಟರುಗಳ ಆ ತಡೆಯಿಲ್ಲದ ಯಾನದಲ್ಲಿ ವಿಮಾನವನ್ನು ನಡೆಸಿದ ನಾಲ್ವರೂ ಮಹಿಳೆಯರೇ ಆಗಿದ್ದರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರು ಅದರ ಮುಂದಾಳು. ಕರ್ನಾಟಕದ ನೆಲಕ್ಕೂ ಅಮೆರಿಕದ ಪಶ್ಚಿಮ ಕರಾವಳಿಗೂ ನಡುವೆ ಎಲ್ಲಿಯೂ ಇಳಿಯದೆ ಬರಬಹುದೆಂಬ ಆ ಸುದ್ದಿಯನ್ನು ಓದಿ ಮಗಳು ಇಬ್ಬರಿಗೂ ಟಿಕೆಟ್ಟು ತೆಗೆಸುವುದಾಗಿ ತಿಳಿಸಿದಳು. ಆದರೆ ಮಾಸ್ತರರ ಪತ್ನಿ 2019ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹೊತ್ತು ಹೊತ್ತಿಗೆ ಮದ್ದು ಹಾಕಬೇಕು, ತುತ್ತು ತುತ್ತಾಗಿ ಉಣ್ಣಿಸಬೇಕು. ಅವರನ್ನು ಬಿಟ್ಟು ಹೋಗುವ ಮಾತಾಗಲಿ, ಕರೆದುಕೊಂಡು ಹೋಗುವ ಮಾತಾಗಲಿ ಏಳಲಿಲ್ಲ. ಮಗಳು ಟಿಕೆಟ್ಟಿನ ಹಣದಲ್ಲಿ ತಂದೆಗೆ ಒಂದು ಕಂಪ್ಯೂಟರನ್ನೂ ವಿಮಾನದ ಹಿಡಿಕೆಯಂಥ ಒಂದು ಉಪಕರಣವನ್ನೂ ಕೊಡಿಸಿದಳು. ಮಧ್ಯಾಹ್ನದ ಮದ್ದು ಕೊಟ್ಟ ಮೇಲೆ ಆಕೆಗೆ ಅರ್ಧ ಮುಕ್ಕಾಲು ಗಂಟೆ ಮಂಪರು ಹತ್ತುತ್ತದೆ. ಮಾಸ್ತರರ ಕೈಗೆ ದಿನದಲ್ಲಿ ಸಿಕ್ಕುವ ಬಿಡುವು ಅಷ್ಟೇ. ಹದಿನಾರು ಹದಿನೇಳು ಗಂಟೆಯ ಯಾನವು ಅಷ್ಟು ಹೊತ್ತಿನಲ್ಲಿ ಮುಗಿಯುವಂಥದಲ್ಲ. ಮುಗಿಯುವುದು ಏರುಗತಿ ಮಾತ್ರ. ಹೀಗಾಗಿ ಅವರು ಏರುವುದನ್ನಷ್ಟೇ ಕಲಿತರು, ಆದರೆ ಅದನ್ನು ಕೂಲಂಕಷವಾಗಿ ಕಲಿತರು.

ನೆಲದ ಮೇಲೆ ಕುಳಿತು ಹಾರುವುದು ಹುಡುಗಾಟವೆಂದು ಬಗೆಯುವವರು ಅದರ ಇತಿಹಾಸವನ್ನು ನೆನೆಯಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನ ತಂದೆ ಆರ್ಗನ್ ವಾದ್ಯಗಳನ್ನೂ ಪಿಯಾನೋಗಳನ್ನೂ ತಯಾರಿಸುವ ಕಾರ್ಖಾನೆಯ ಒಡೆಯನಾಗಿದ್ದನು. ವಿಮಾನ ಕಲಿಯುವ ಖರ್ಚು ದುಬಾರಿಯಾದುದನ್ನು ಕಂಡ ಮಗನು ಆ ವಾದ್ಯಗಳಿಗೆ ಗಾಳಿಯೂಡುವ ತಿದಿಗಳನ್ನೇ ಬಳಸಿ, ನೆಲ ಬಿಡದೆಯೇ ಓಲಾಡುವ, ಬಾಗುವ, ತಿರುಗುವ ಒಂದು ಪುಟ್ಟ ಪೆಟ್ಟಿಗೆಯ ವಿಮಾನವನ್ನು 1929ರಲ್ಲಿ ನಿರ್ಮಿಸಿದನು. ಮೊದಮೊದಲು ಅದನ್ನು ಕೊಂಡವರು ಬಹುಮಟ್ಟಿಗೆ ಮನರಂಜನೆಯ ಉದ್ಯಾನಗಳವರು. 1934ರಲ್ಲಿ ಟಪಾಲು ಸಾಗಿಸುವ ಹೊಣೆ ಅಮೆರಿಕದ ಸೇನಾ ವೈಮಾನಿಕರ ಮೇಲೆ ಬಿದ್ದು, ಮೋಡ ಮಂಜುಗಳಲ್ಲಿ ಉಪಕರಣಗಳನ್ನಷ್ಟೇ ನಂಬಿ ಹಾರುವ ಅಭ್ಯಾಸವಿಲ್ಲದ ಹಲವರು ಕೆಲವೇ ವಾರಗಳಲ್ಲಿ ಪ್ರಾಣ ತೆತ್ತಾಗ ಸೇನೆಯ ಕಣ್ಣು ತೆರೆಯಿತು. ಯಾರೂ ಹಾರಲಾರರೆಂದು ಬಗೆದ ಒಂದು ಮುಸುಕಿದ ದಿನ ಲಿಂಕನು ಉಪಕರಣಗಳ ನೆರವಿನಿಂದಲೇ ಹಾರಿಬಂದು ಸೇನಾಧಿಕಾರಿಗಳ ಮುಂದೆ ಇಳಿದನು. ಸೇನೆ ಅವನ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5 ಲಕ್ಷ ವೈಮಾನಿಕರು ಆ ಪೆಟ್ಟಿಗೆಯಲ್ಲಿ ಕುಳಿತು ಕಲಿತಿದ್ದರು.

ಮನೆಯ ಕಂಪ್ಯೂಟರಿಗೆ ಈ ವಿದ್ಯೆಯನ್ನು ತಂದವನು ಬ್ರೂಸ್ ಆರ್ಟ್‌ವಿಕ್. 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ, ಸಣ್ಣ ಕಂಪ್ಯೂಟರೊಂದು ವಿಮಾನದ ಚಲನೆಯನ್ನು ಲೆಕ್ಕ ಹಾಕಿ ಪರದೆಯ ಮೇಲೆ ಚಿತ್ರಿಸಬಲ್ಲುದೆಂದು ಅವನು ತೋರಿಸಿದನು. ಅವನ ಕೃತಿಯೇ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಿಂದ ಮನೆಮನೆಯನ್ನು ಹೊಕ್ಕಿತು. ಅಂದಿನ ಚಿತ್ರಗಳು ಕೆಲವು ಗೆರೆಗಳು ಮಾತ್ರ. 2020ರಲ್ಲಿ ಬಂದ ಆವೃತ್ತಿಯಲ್ಲಿಯಾದರೋ ಉಪಗ್ರಹಗಳೂ ವಿಮಾನಗಳೂ ತೆಗೆದ ಛಾಯಾಚಿತ್ರಗಳ ಆಧಾರದ ಮೇಲೆ ಭೂಮಂಡಲವನ್ನೇ ಹಾಸಿದ್ದಾರೆ. ಮಾಸ್ತರರಿಗೆ ಈ ದೃಶ್ಯವೈಭವದಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. ಅವರ ಕಣ್ಣು ನೆಟ್ಟಿರುವುದು ಉಪಕರಣಗಳ ಫಲಕದ ಮೇಲೆ.

ಅವರು ಆರಿಸಿಕೊಂಡ ವಿಮಾನವೂ ಅದೇ ಬೋಯಿಂಗ್ 777, ಅದರಲ್ಲಿಯೂ ದೂರಯಾನಕ್ಕಾಗಿ ನಿರ್ಮಿಸಿದ 200 ಎಲ್‌ಆರ್ ಎಂಬ ಮಾದರಿ. ಇದು ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 347 ಟನ್ನು. ಪ್ರಯಾಣಿಕರೂ ಸರಕೂ ಇಂಧನವೂ ಇಲ್ಲದ ಬರಿಯ ವಿಮಾನದ ತೂಕ ಸುಮಾರು 145 ಟನ್ನು. ಅದರ ತೊಟ್ಟಿಗಳು ಹಿಡಿಯುವ ಇಂಧನವೂ ಹೆಚ್ಚುಕಡಿಮೆ 145 ಟನ್ನು. ಎಂದರೆ ಈ ಯಂತ್ರವು ತನ್ನಷ್ಟೇ ತೂಕದ ಎಣ್ಣೆಯನ್ನು ಹೊತ್ತು ಮೇಲೇಳಬಲ್ಲುದು. ಈ ಅಂಕಿಗಳನ್ನು ಮೊದಲು ಓದಿದ ದಿನ ಮಾಸ್ತರರು ಅವನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು.

ಬೆಂಗಳೂರಿನ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ತೆಳುವು. ಆದುದರಿಂದ ತುಂಬಿದ ವಿಮಾನವು ಹೆಚ್ಚು ದೂರ ಓಡಿ ನೆಲ ಬಿಡಬೇಕಾಗುತ್ತದೆ. ನೆಲ ಬಿಟ್ಟೊಡನೆ ಗಾಲಿಗಳನ್ನು ಒಳಕ್ಕೆಳೆದುಕೊಳ್ಳಬೇಕು. ರೆಕ್ಕೆಯ ಅಂಚಿನಲ್ಲಿ ಚಾಚಿಕೊಂಡ ಹಲಗೆಗಳನ್ನು ವೇಗ ಕೂಡಿದಂತೆಲ್ಲ ಹಂತಹಂತವಾಗಿ ಮಡಚಬೇಕು. ಅವಸರಿಸಿ ಮಡಚಿದರೆ ರೆಕ್ಕೆ ಭಾರವನ್ನು ತಾಳದು. ತಡಮಾಡಿದರೆ ಆ ಹಲಗೆಗಳೇ ವೇಗಕ್ಕೆ ಅಡ್ಡಿ. ಸಾಮಾನ್ಯವಾಗಿ 10,000 ಅಡಿಯ ಕೆಳಗೆ ಗಂಟೆಗೆ 250 ನಾಟಿಕಲ್ ಮೈಲಿಯ ವೇಗವನ್ನು ಮೀರಬಾರದೆಂಬ ಕಟ್ಟಳೆಯಿದೆ. ಕೆಳಗಿನ ಆಕಾಶದಲ್ಲಿ ಸಣ್ಣ ವಿಮಾನಗಳಿರುತ್ತವೆ, ಇಳಿಯುವವರೂ ಏರುವವರೂ ಒತ್ತಾಗಿರುತ್ತಾರೆ. ಅದನ್ನು ದಾಟಿದ ಮೇಲೆ ಮೂತಿಯನ್ನು ತುಸು ತಗ್ಗಿಸಿ, ಏರಿಕೆಯನ್ನು ಕ್ಷಣಕಾಲ ಕಡಮೆ ಮಾಡಿ, ವೇಗವನ್ನು 300ರ ಮೇಲಕ್ಕೆ ಕೂಡಿಸಿಕೊಳ್ಳಬೇಕು. ಮುಂದೆ ಏರುವುದಕ್ಕಾಗಿಯೇ ಈಗ ಏರುವುದನ್ನು ತಡೆದು ವೇಗವನ್ನು ಗಳಿಸುವ ಈ ಕ್ರಮವು ಮಾಸ್ತರರಿಗೆ ಬಹಳ ಹಿಡಿಸಿತು.

ಎತ್ತರವನ್ನು ತೋರಿಸುವ ಉಪಕರಣವಂತೂ ಅವರ ಹಳೆಯ ಪರಿಚಯದ್ದೇ. 1648ರಲ್ಲಿ ಫ್ರಾನ್ಸಿನ ಪಾಸ್ಕಲನು ತನ್ನ ಭಾವಮೈದುನ ಪೆರಿಯೇನ ಕೈಯಲ್ಲಿ ಪಾದರಸದ ನಳಿಗೆಯನ್ನು ಕೊಟ್ಟು ಪ್ಯೂಯ್ ದ ದೋಮ್ ಎಂಬ ಬೆಟ್ಟವನ್ನು ಹತ್ತಿಸಿದನಷ್ಟೆ. ಬೆಟ್ಟದ ತುದಿಯಲ್ಲಿ ಪಾದರಸವು ಸುಮಾರು ಮೂರು ಅಂಗುಲ ಇಳಿದಿತ್ತು. ಮೇಲೇರಿದಷ್ಟೂ ಗಾಳಿಯ ಹೊರೆ ಕಡಮೆಯೆಂಬ ಆ ಶೋಧವೇ ಇಂದಿಗೂ ವಿಮಾನದ ಎತ್ತರಮಾಪಕದ ಬುನಾದಿ. ಅದು ಅಡಿಗಳನ್ನು ತೋರಿಸುತ್ತದೆ, ಆದರೆ ಅಳೆಯುವುದು ಒತ್ತಡವನ್ನು. ಒತ್ತಡವೋ ಊರಿಂದೂರಿಗೆ, ಹೊತ್ತಿಂದ ಹೊತ್ತಿಗೆ ಬೇರೆಯಾಗುತ್ತದೆ. ಆದಕಾರಣ ನೆಲದ ಸಮೀಪದಲ್ಲಿ ಆ ಊರಿನ ಅಂದಿನ ಒತ್ತಡಕ್ಕೆ ಉಪಕರಣವನ್ನು ಹೊಂದಿಸಿಕೊಂಡಿದ್ದವನು, ಒಂದು ಗೊತ್ತಾದ ಎತ್ತರವನ್ನು ದಾಟಿದೊಡನೆ ಅದನ್ನು 1013 ಹೆಕ್ಟೊಪ್ಯಾಸ್ಕಲ್ ಎಂಬ ಸರ್ವಸಮ್ಮತ ಅಂಕಕ್ಕೆ ತಿರುಗಿಸಬೇಕು. ಆ ಅಂಕ ಅಂದಿನ ಹವೆಗೆ ನಿಜವಾಗಿರಬೇಕೆಂದೇನೂ ಇಲ್ಲ. ಆದರೆ ಆಕಾಶದಲ್ಲಿರುವ ಎಲ್ಲರೂ ಒಂದೇ ಸೊನ್ನೆಯಿಂದ ಅಳೆದುಕೊಂಡರೆ ಅವರವರ ನಡುವಿನ ಅಂತರ ನಿಜವಾಗಿ ಉಳಿಯುತ್ತದೆ. ಪೂರ್ವಕ್ಕೆ ಹೋಗುವವರು ಬೆಸ ಸಂಖ್ಯೆಯ ಸಾವಿರ ಅಡಿಗಳಲ್ಲಿ, ಪಶ್ಚಿಮಕ್ಕೆ ಹೋಗುವವರು ಸಮ ಸಂಖ್ಯೆಯವುಗಳಲ್ಲಿ ಸಾಗುವ ಏರ್ಪಾಡೂ ಈ ಒಪ್ಪಂದದ ಮೇಲೆಯೇ ನಿಂತಿದೆ.

ಈ ಒಂದು ಸಾವಿರ ಅಡಿಯ ಬೆಲೆಯೇನೆಂಬುದನ್ನು ನಮ್ಮ ದೇಶ ಘೋರವಾಗಿ ಅರಿತುಕೊಂಡಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ಅರೇಬಿಯದ ಬೋಯಿಂಗ್ 747 ವಿಮಾನಕ್ಕೆ 14,000 ಅಡಿಯಲ್ಲಿ ನಿಲ್ಲುವಂತೆ ಆಜ್ಞೆಯಿತ್ತು. ಎದುರಿನಿಂದ ಇಳಿದುಬರುತ್ತಿದ್ದ ಕಜಕಸ್ತಾನದ ವಿಮಾನವು 15,000 ಅಡಿಯಲ್ಲಿ ನಿಲ್ಲಬೇಕಾಗಿತ್ತು. ಅದು ನಿಲ್ಲದೆ ಕೆಳಕ್ಕೆ ಜಾರಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿ ಹೊಡೆದು 349 ಜನ ಅಸುನೀಗಿದರು. ಇದಿರಾದ ವಿಮಾನವನ್ನು ತಾನಾಗಿ ಕಂಡು ಎಚ್ಚರಿಸುವ ಉಪಕರಣವನ್ನು ಆಮೇಲೆ ಭಾರತದಲ್ಲಿ ಕಡ್ಡಾಯ ಮಾಡಲಾಯಿತು. ಆಜ್ಞೆಯಾದ ಎತ್ತರವನ್ನು ಮುಟ್ಟಲು ಇನ್ನೊಂದು ಸಾವಿರ ಅಡಿ ಇರುವಾಗ ಮಾಸ್ತರರು ಆ ಅಂಕವನ್ನು ಗಟ್ಟಿಯಾಗಿ ಉಚ್ಚರಿಸುತ್ತಾರೆ. ಕೇಳಲು ಪಕ್ಕದ ಆಸನದಲ್ಲಿ ಯಾರೂ ಇರುವುದಿಲ್ಲ. ಆದರೂ ವೈಮಾನಿಕರು ಹಾಗೆ ಮಾಡುತ್ತಾರೆಂದು ಓದಿದ ಮೇಲೆ ಅವರು ಒಂದು ದಿನವೂ ತಪ್ಪಿಸಿಲ್ಲ.

ಏರಿದಂತೆಲ್ಲ ಹೊರಗಣ ಲೋಕ ಕಠಿಣವಾಗುತ್ತ ಹೋಗುತ್ತದೆ. ಸಾವಿರ ಅಡಿಗೆ ಸುಮಾರು 2 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. 35,000 ಅಡಿಯಲ್ಲಿ ಕಾಲು ಭಾಗಕ್ಕಿಂತ ತುಸು ಕಡಮೆ. ಅಲ್ಲಿ ಹೊರಗಿನ ಚಳಿ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ. ವಿಮಾನದ ಒಡಲೊಳಗೆ ಮಾತ್ರ ಗಾಳಿಯನ್ನು ತುಂಬಿ, ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಒತ್ತಡವನ್ನು ಕಾಯ್ದುಕೊಳ್ಳುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಎಂದರೆ ವಿಮಾನದಲ್ಲಿ ಮೆತ್ತೆಯ ಮೇಲೆ ಒರಗಿ ಕುಳಿತವನ ಕಿವಿ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲಿರುತ್ತದೆ.

ವೇಗದ ಲೆಕ್ಕವೂ ಈ ನಡುವೆ ಬದಲಾಗುತ್ತದೆ. ವೇಗಮಾಪಕವು ತೋರಿಸುವುದು ಎದುರು ಗಾಳಿಯ ತಳ್ಳುವಿಕೆಯನ್ನು. ಗಾಳಿ ತೆಳುವಾದಂತೆಲ್ಲ, ಅದು 270 ಎಂದು ತೋರಿಸುತ್ತಿದ್ದರೂ ವಿಮಾನವು ನಿಜವಾಗಿ ಗಂಟೆಗೆ 450 ನಾಟಿಕಲ್ ಮೈಲಿಗೂ ಮಿಕ್ಕಿ ಧಾವಿಸುತ್ತಿರಬಹುದು. ಇತ್ತ ಚಳಿ ಹೆಚ್ಚಿದಂತೆ ಶಬ್ದದ ವೇಗವೇ ತಗ್ಗುತ್ತದೆ. ಶಬ್ದದ ವೇಗಕ್ಕೆ ಅತಿ ಸಮೀಪವಾದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕದಡುತ್ತದೆ. ಆದುದರಿಂದ ಏರುಗತಿಯ ಉತ್ತರಾರ್ಧದಲ್ಲಿ ವೈಮಾನಿಕನು ಮೈಲಿಗಳ ಲೆಕ್ಕವನ್ನು ಬಿಟ್ಟು ಶಬ್ದದ ವೇಗದ ನೂರಕ್ಕೆ 84ರಷ್ಟು ಎಂಬ ಅಳತೆಯನ್ನು ಹಿಡಿಯಬೇಕು. ಹೀಗೆ ಮೇಲೆ ಮೇಲೆ ಹೋದಂತೆ, ಇದಕ್ಕಿಂತ ನಿಧಾನವಾದರೆ ಬೀಳುವೆ ಎಂಬ ಎಲ್ಲೆಯೂ ಇದಕ್ಕಿಂತ ಬೇಗವಾದರೆ ನಡುಗುವೆ ಎಂಬ ಎಲ್ಲೆಯೂ ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಅವುಗಳ ನಡುವಿನ ಓಣಿ ಕಿರಿದಾಗುತ್ತದೆ. ವಿಮಾನ ಭಾರವಾಗಿದ್ದಷ್ಟೂ ಆ ಓಣಿ ಇನ್ನೂ ಕಿರಿದು.

ಇಂಧನ ತುಂಬಿಕೊಂಡು ಹೊರಟ ವಿಮಾನವು ಒಂದೇ ಉಸಿರಿಗೆ ಅತಿ ಎತ್ತರಕ್ಕೆ ಏರದೆ ಇರುವುದಕ್ಕೆ ಇದೇ ಕಾರಣ. ಈ 777 ಏರಬಹುದಾದ ಮೇರೆ 43,100 ಅಡಿಯಿದ್ದರೂ ಪೂರ್ಣಭಾರದಲ್ಲಿ ಮೊದಲಿಗೆ ಅದಕ್ಕೆ ಸಲ್ಲುವುದು 29,000 ಅಥವಾ 31,000 ಅಡಿ. ಅಲ್ಲಿಯೇ ಅದು ಗಂಟೆಗಟ್ಟಲೆ ಸಾಗಬೇಕು. ಗಂಟೆಗೆ ಏಳೆಂಟು ಟನ್ನಿನಂತೆ ಇಂಧನ ಉರಿದು ಒಡಲು ಹಗುರಾದಂತೆಲ್ಲ 33,000, 35,000, 37,000 ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಮಾಸ್ತರರ ಯಾನವಾದರೋ ಮೊದಲನೆಯ ಮೆಟ್ಟಿಲಿನಲ್ಲಿಯೇ ಮುಗಿದುಹೋಗುತ್ತದೆ. ಉಳಿದ ಮೆಟ್ಟಿಲುಗಳನ್ನು ಅವರು ಪುಸ್ತಕದಿಂದ ಬಲ್ಲರೇ ಹೊರತು ಪರದೆಯ ಮೇಲೆ ಕಂಡಿಲ್ಲ.

ಊರಿನ ಶಾಲೆಯ ಮೂರು ನಾಲ್ಕು ಮಕ್ಕಳು ಶನಿವಾರ ಮಧ್ಯಾಹ್ನ ಅವರ ಮನೆಗೆ ಬರುವ ರೂಢಿ ಬೆಳೆಯಿತು. ಮಾಸ್ತರರು ಹಿಡಿಕೆಯನ್ನು ಅವರ ಕೈಗೆ ಕೊಟ್ಟು ತಾವು ಹಿಂದೆ ನಿಂತು ನೋಡುತ್ತಾರೆ. ಒಂದು ಶನಿವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಇಂಧನ ಕರಗಿದರೆ ಮೇಲೇರಬಹುದಾದರೆ ಮೊದಲೇ ಕಡಮೆ ತುಂಬಿಕೊಂಡು ಹೊರಟರೆ ಆಗದೇ ಎಂದು ಕೇಳಿದಳು. ಆಗದೆ ಏನು, ಬೇಕಾದಷ್ಟು ಎತ್ತರಕ್ಕೆ ಥಟ್ಟನೆ ಏರಬಹುದು. ಆದರೆ ಸಮುದ್ರದ ನಡುವೆ ಎಣ್ಣೆ ತೀರುತ್ತದೆ ಎಂದರು ಮಾಸ್ತರರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನ್ನು ಕೆಳಗೆ ಹಿಡಿದಿರುವ ಭಾರವೇ ನಮ್ಮನ್ನು ದೂರಕ್ಕೆ ಮುಟ್ಟಿಸುವಂಥದೂ ಆಗಿರುತ್ತದೆ ಎಂದು ಸೇರಿಸಿದರು. ಮಕ್ಕಳು ಅದನ್ನು ವಿಮಾನದ ಮಾತೆಂದೇ ತಿಳಿದರು. ಒಳಗಿನ ಕೋಣೆಯಲ್ಲಿ ಮಲಗಿದ್ದವರಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯದು.

ಇನ್ನೊಂದು ಶನಿವಾರದ ಘಟನೆ ಇದಕ್ಕಿಂತ ಗಂಭೀರವಾದುದು. ಸ್ವಯಂಚಾಲಕ ವ್ಯವಸ್ಥೆಗೆ ಏರಿಕೆಯನ್ನು ಒಪ್ಪಿಸುವಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಗೊತ್ತಾದ ವೇಗವನ್ನು ಬಿಡದೆ ಕಾಪಾಡು, ಎತ್ತರ ದೊರೆತಷ್ಟು ದೊರೆಯಲಿ ಎಂಬುದು ಒಂದು ಬಗೆ. ನಿಮಿಷಕ್ಕೆ ಇಷ್ಟು ಅಡಿ ಏರಲೇಬೇಕು ಎಂಬುದು ಮತ್ತೊಂದು. ಕೆಳಗಿನ ಗಟ್ಟಿ ಗಾಳಿಯಲ್ಲಿ ಎರಡರಲ್ಲಿಯೂ ಅಪಾಯವಿಲ್ಲ. ಮೇಲಿನ ತೆಳು ಗಾಳಿಯಲ್ಲಿ ಎಂಜಿನ್ನುಗಳು ತಮ್ಮ ಶಕ್ತಿಯ ಮೇರೆಯನ್ನು ಮುಟ್ಟಿದ ಮೇಲೆ ಎರಡನೆಯ ಆಜ್ಞೆಯನ್ನು ನಡೆಸಲು ಯಂತ್ರಕ್ಕೆ ಉಳಿಯುವುದು ಒಂದೇ ದಾರಿ: ಮೂತಿಯನ್ನು ಎತ್ತುತ್ತ, ವೇಗವನ್ನು ತೆತ್ತು ಎತ್ತರವನ್ನು ಕೊಳ್ಳುವುದು. ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ 31,000 ಅಡಿ ಸಾಲದಾಯಿತು. ಮಾಸ್ತರರು ಮದ್ದು ಹಾಕಲು ಒಳಗೆ ಹೋದಾಗ ಅವನು 39,000 ಎಂದು ತಿರುಗಿಸಿ, ನಿಮಿಷಕ್ಕೆ 1,500 ಅಡಿ ಏರುವಂತೆ ಆಜ್ಞಾಪಿಸಿದನು. ಮೊದಲ ಒಂದೆರಡು ನಿಮಿಷ ಎಲ್ಲವೂ ಸೊಗಸಾಗಿತ್ತು. ವೇಗದ ಅಂಕ ಒಂದೊಂದಾಗಿ ಇಳಿಯುತ್ತಿದ್ದುದನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಎತ್ತರದ ಅಂಕದ ಮೇಲಿತ್ತು. ಫಲಕದ ಕೆಳಗಿನಿಂದ ಹಳದಿ ಪಟ್ಟಿಯೂ ಅದರ ಹಿಂದೆಯೇ ಕೆಂಪು ಪಟ್ಟಿಯೂ ಮೇಲೆದ್ದು ಬಂದವು. ಹಿಡಿಕೆ ನಡುಗುವ ಎಚ್ಚರಿಕೆಯ ಸದ್ದು ಕೇಳಿಸಿತು. ಹುಡುಗನು ಗಾಬರಿಯಾಗಿ ಹಿಡಿಕೆಯನ್ನು ಇನ್ನಷ್ಟು ತನ್ನೆಡೆಗೆ ಎಳೆದನು. ವಿಮಾನವು ಒಂದು ಬದಿಗೆ ವಾಲಿ ಕಲ್ಲಿನಂತೆ ಬೀಳತೊಡಗಿತು. ಮಾಸ್ತರರು ಹೊರಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ನಗುತ್ತಿದ್ದರು. ಹುಡುಗನು ಮತ್ತೆ ಮೊದಲಿನಿಂದ ಆರಂಭಿಸುವ ಗುಂಡಿಯನ್ನು ಒತ್ತಿಯೂ ಆಗಿತ್ತು.

ಮಾಸ್ತರರು ನಗಲಿಲ್ಲ, ಗದರಿಸಲೂ ಇಲ್ಲ. ಯಂತ್ರವನ್ನು ಆರಿಸಿ ಮಕ್ಕಳನ್ನು ಕೂಡಿಸಿಕೊಂಡು 2004ರ ಅಕ್ಟೋಬರ್ 14ರ ರಾತ್ರಿಯ ಕಥೆಯನ್ನು ಹೇಳಿದರು. ಅಮೆರಿಕದಲ್ಲಿ ಐವತ್ತು ಆಸನಗಳ ಒಂದು ಜೆಟ್ ವಿಮಾನವನ್ನು ಇಬ್ಬರು ವೈಮಾನಿಕರು ಒಂದೂರಿನಿಂದ ಇನ್ನೊಂದೂರಿಗೆ ಬರಿದಾಗಿ ಒಯ್ಯುತ್ತಿದ್ದರು. ಪ್ರಯಾಣಿಕರಿಲ್ಲದ ಉಲ್ಲಾಸದಲ್ಲಿ ಆ ವಿಮಾನಕ್ಕೆ ಅನುಮತಿಯಿದ್ದ ಪರಮಾವಧಿ ಎತ್ತರವಾದ 41,000 ಅಡಿಯನ್ನು ಮುಟ್ಟಿ ನೋಡುವ ಹುಮ್ಮಸ್ಸು ಅವರಿಗೆ ಬಂದಿತು. ನಿಮಿಷಕ್ಕೆ 500 ಅಡಿ ಎಂಬ ಆಜ್ಞೆಯನ್ನು ಯಂತ್ರಕ್ಕೆ ಕೊಟ್ಟರು. ಎತ್ತರವೇನೋ ದೊರೆಯಿತು. ಆದರೆ ಅಲ್ಲಿ ನಿಲ್ಲಲು ಬೇಕಾದ ವೇಗ ಕೈಯಲ್ಲಿ ಉಳಿದಿರಲಿಲ್ಲ. ವಿಮಾನವು ರೆಕ್ಕೆಯ ಬಲ ಕಳೆದುಕೊಂಡು ಕುಸಿಯಿತು, ಎರಡೂ ಎಂಜಿನ್ನುಗಳು ಆರಿಹೋದವು, ಮರಳಿ ಹೊತ್ತಿಕೊಳ್ಳಲಿಲ್ಲ. ಮಿಸೌರಿ ರಾಜ್ಯದ ಜೆಫರ್‌ಸನ್ ಸಿಟಿಯ ಬಳಿ ಮನೆಗಳ ಹಿಂದೆ ಅದು ಬಿದ್ದಿತು, ಇಬ್ಬರೂ ತೀರಿಕೊಂಡರು. ಅವರ ಕೈಗೆ ಎಟಕುವಂತೆ ಮತ್ತೆ ಆರಂಭಿಸುವ ಗುಂಡಿ ಇರಲಿಲ್ಲವೆಂದು ಹೇಳಿ ಮಾಸ್ತರರು ಅಂದಿನ ಪಾಠವನ್ನು ಮುಗಿಸಿದರು.

ಅನುಕರಣೆಯ ಗುಣವೂ ದೋಷವೂ ಒಂದೇ ಕಡೆಯಲ್ಲಿವೆ ಎಂಬುದು ಇದರಿಂದ ಹೊಳೆಯುತ್ತದೆ. ಸಾಯದೆ ತಪ್ಪುಮಾಡಿ ಕಲಿಯಬಹುದೆಂಬುದೇ ಅದರ ದೊಡ್ಡ ಉಪಕಾರ. ಸಾವಿಲ್ಲವೆಂಬ ಧೈರ್ಯದಲ್ಲಿ ತಪ್ಪನ್ನು ತಪ್ಪೆಂದೇ ಎಣಿಸದಿರುವುದು ಅದರ ದೊಡ್ಡ ಅಪಾಯ. ವೃತ್ತಿನಿರತರ ತರಬೇತಿಯಲ್ಲಿಯೂ ಈ ಕೊರತೆ ಕಾಣಿಸಿಕೊಂಡಿತ್ತು. 2009ರ ಮೇ 31ರಂದು ರಿಯೋ ಡಿ ಜನೈರೋದಿಂದ ಪ್ಯಾರಿಸ್ಸಿಗೆ ಹೊರಟ ಏರ್‌ಬಸ್ 330 ವಿಮಾನವು 35,000 ಅಡಿಯಲ್ಲಿದ್ದಾಗ ವೇಗವನ್ನಳೆಯುವ ನಳಿಗೆಗಳಲ್ಲಿ ಹಿಮ ಕಟ್ಟಿತು. ಸ್ವಯಂಚಾಲಕವು ಕೈಬಿಟ್ಟಿತು. ಹಿಡಿಕೆ ಹಿಡಿದವನು ಮೂತಿಯನ್ನು ಎತ್ತಿದನು. ವಿಮಾನವು 38,000 ಅಡಿಯವರೆಗೆ ಏರಿ, ವೇಗ ತೀರಿ, ಸಾಗರಕ್ಕೆ ಬಿದ್ದು 228 ಜನ ಮಡಿದರು. ಅಷ್ಟೆತ್ತರದಲ್ಲಿ ಕೈಯಿಂದ ವಿಮಾನ ನಡೆಸುವ ಅಭ್ಯಾಸ ಅವರಿಗೆ ದೊರೆತಿರಲಿಲ್ಲವೆಂದು 2012ರ ತನಿಖಾ ವರದಿ ಎತ್ತಿ ತೋರಿಸಿತು. ರೆಕ್ಕೆಯ ಬಲ ಪೂರ್ತಿ ತಪ್ಪಿದಾಗ ಏನಾಗುವುದೆಂಬುದನ್ನೂ ಅದರಿಂದ ಪಾರಾಗುವುದನ್ನೂ ಸಿಮ್ಯುಲೇಟರಿನಲ್ಲಿ ಕಲಿಸುವುದು ಅಮೆರಿಕದ ವಿಮಾನ ಸಂಸ್ಥೆಗಳಿಗೆ 2019ರಿಂದ ಕಡ್ಡಾಯವಾಗಿದೆ.

ಅಂದಿನಿಂದ ಮಾಸ್ತರರ ಮನೆಯಲ್ಲಿ ಒಂದು ನಿಯಮ ಬಂದಿತು. ವಿಮಾನವನ್ನು ಬೀಳಿಸಿದವನು ಅಂದು ಮತ್ತೆ ಹಿಡಿಕೆ ಮುಟ್ಟುವಂತಿಲ್ಲ. ಏಕೆ ಬಿದ್ದಿತೆಂಬುದನ್ನು ಒಂದು ಪುಟದಲ್ಲಿ ಬರೆದು ಮುಂದಿನ ಶನಿವಾರ ಓದಿ ಹೇಳಬೇಕು. ಆ ಹತ್ತನೆಯ ತರಗತಿಯ ಹುಡುಗನು ಬರೆದ ಪುಟವನ್ನು ಮಾಸ್ತರರು ಜೋಪಾನವಾಗಿ ಇರಿಸಿದ್ದಾರೆ. ಅದರಲ್ಲಿ ಕಾಗುಣಿತದ ತಪ್ಪುಗಳು ಐದಾರಿವೆ, ಭೌತಶಾಸ್ತ್ರದ ತಪ್ಪು ಒಂದೂ ಇಲ್ಲ.

ಮಂಪರಿನಿಂದ ಎಚ್ಚತ್ತ ಪತ್ನಿ ದಿನವೂ ತೊದಲುವ ನಾಲಗೆಯಲ್ಲಿ, “ಇವತ್ತ ಎಷ್ಟು ಏರಿದ್ರಿ?” ಎಂದು ಕೇಳುತ್ತಾರೆ. ಮೂವತ್ತೊಂದು ಸಾವಿರ ಎಂದು ಮಾಸ್ತರರು ಉತ್ತರಿಸುತ್ತಾರೆ. ಮೊದಲ ವರ್ಷ ಆ ಪ್ರಶ್ನೆಯ ಅರ್ಧ ಶಬ್ದಗಳು ತಿಳಿಯುತ್ತಿರಲಿಲ್ಲ. ಈಚೆಗೆ ಎಲ್ಲವೂ ತಿಳಿಯುತ್ತವೆ. ವೈದ್ಯರು ಅದನ್ನು ಒಳ್ಳೆಯ ಲಕ್ಷಣವೆಂದಿದ್ದಾರೆ. 2023ರ ಬೇಸಗೆಯಲ್ಲಿ ಮಗಳೇ ಮಗುವನ್ನೆತ್ತಿಕೊಂಡು ಬಂದಳು. ಏರುವಾಗ ಮಗು ಬಹಳ ಅತ್ತಿತೆಂದು ಹೇಳಿದಳು. ಹಾಲು ಕುಡಿಸಬೇಕಾಗಿತ್ತು, ನುಂಗಿದರೆ ಕಿವಿಯ ಒತ್ತಡ ಸರಿಹೋಗುತ್ತದೆ ಎಂದರು ಮಾಸ್ತರರು. ಇಷ್ಟು ಸಾವಿರ ಅಡಿಯಿಂದ ಇಷ್ಟು ಸಾವಿರ ಅಡಿಯ ನಡುವೆ ಅತ್ತಿರಬೇಕೆಂದು ಲೆಕ್ಕವನ್ನೂ ಹೇಳಿದರು. ಆ ಅಳುವನ್ನು ಮಾತ್ರ ಯಾವ ಸಿಮ್ಯುಲೇಟರೂ ಅವರಿಗೆ ಕೇಳಿಸಿರಲಿಲ್ಲ. ಮರಳಿ ಹೊರಟಾಗ ಅವಳು ದಾರಿಯುದ್ದಕ್ಕೂ ಮಗುವಿನ ಹಾಲಿನ ಬಾಟಲಿಯನ್ನು ಕೈಯಲ್ಲಿಯೇ ಹಿಡಿದಿದ್ದಳಂತೆ.

ಉಪಾಧ್ಯಾಯ ವೃತ್ತಿಗೂ ಈ ಏರುಗತಿಗೂ ಇರುವ ಹೋಲಿಕೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಶಾಲೆಯಲ್ಲಿ ಹತ್ತು ವರ್ಷ ಕಳೆದ ಮಗು ಮುಂದೆ ಯಾವ ಎತ್ತರದಲ್ಲಿ ಸಾಗುವುದೋ, ಯಾವ ದೇಶದಲ್ಲಿ ಇಳಿಯುವುದೋ ಅದನ್ನು ಕಲಿಸಿದವರು ನೋಡುವುದು ಅಪರೂಪ. ಅವರ ಪಾಲಿಗೆ ಬಂದುದು ತುಂಬಿದ ಭಾರದೊಡನೆ ನೆಲ ಬಿಟ್ಟು ಮೊದಲನೆಯ ಮೆಟ್ಟಿಲನ್ನು ಸೇರುವವರೆಗಿನ ಹೊತ್ತು. ಆ ಹೊತ್ತಿನಲ್ಲಿ ಮಗುವಿನ ಅಂಕಪಟ್ಟಿಯ ಎತ್ತರವನ್ನಷ್ಟೇ ನೋಡಿ ವೇಗ ಕುಂದುವುದನ್ನು ಕಾಣದೆ ಹೋದರೆ ಕುಸಿತವು ಬಹಳ ದೂರದಲ್ಲಿ, ಶಾಲೆಯ ಕಣ್ಣಿಗೆ ಬೀಳದ ಜಾಗದಲ್ಲಿ ಆಗುತ್ತದೆ. ಮನೆಯ ಕಷ್ಟವನ್ನು, ತಂದೆತಾಯಿಗಳ ಹೊಣೆಯನ್ನು ಹೊತ್ತು ಬರುವ ಮಗು ನಿಧಾನವಾಗಿ ಏರಿದರೆ ಅದನ್ನು ಮಂದಬುದ್ಧಿಯೆಂದು ಎಣಿಸುವುದೂ ತರವಲ್ಲ. ಭಾರಕ್ಕೆ ತಕ್ಕ ಎತ್ತರವನ್ನು ಇಂದಿಗೆ ಒಪ್ಪಿಕೊಂಡು, ವೇಗವನ್ನು ಕಾಪಾಡಿಕೊಟ್ಟರೆ ಉಳಿದ ಮೆಟ್ಟಿಲುಗಳನ್ನು ಅದು ತಾನೇ ಏರುತ್ತದೆ.

ಮಾಸ್ತರರ ಟಿಪ್ಪಣಿ ಪುಸ್ತಕದಲ್ಲಿ ಈವರೆಗೆ ಏಳುನೂರಕ್ಕೂ ಮಿಕ್ಕಿ ಯಾನಗಳ ದಾಖಲೆಯಿದೆ. ಹೊರಟ ಊರು ಬೆಂಗಳೂರು ಎಂದು ಪ್ರತಿ ಸಾಲಿನಲ್ಲಿಯೂ ಇದೆ. ತಲಪಿದ ಊರಿನ ಅಂಕಣವನ್ನು ಅವರು ಖಾಲಿ ಬಿಟ್ಟಿದ್ದಾರೆ. ಅದರ ಪಕ್ಕದ ಕೊನೆಯ ಅಂಕಣದಲ್ಲಿ, ಅಂದು ಹಿಡಿಕೆ ಹಿಡಿದ ಮಕ್ಕಳ ಹೆಸರುಗಳು ಶನಿವಾರ ಶನಿವಾರಕ್ಕೂ ಕೂಡುತ್ತ ನಡೆದಿವೆ.